ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ

ಶೂನ್ಯಸಂಪಾದನೆಯನ್ನು ಕಟ್ಟಿದವರು ನಾಲ್ವರು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಶರಣರ ವಚನಗಳನ್ನು ಸಂವಾದದ ಎಳೆಯಲ್ಲಿ ಪೋಣಿಸಿದರು. ಆಮೇಲೆ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನೇ ಎತ್ತಿಕೊಂಡು ತಿದ್ದಿದರು, ಬೆಳೆಸಿದರು. ಇವರಲ್ಲಿ ಮೂರನೆಯವರ ಊರು ಗುಮ್ಮಳಾಪುರ ಇವತ್ತು ತಮಿಳುನಾಡಿಗೆ ಸೇರಿದೆ. ಕೃಷ್ಣಗಿರಿ ಜಿಲ್ಲೆಯ ತಳಿ ಸಮೀಪದ ಊರು. ಹೊಸೂರು ಸೀಮೆಯ ಕನ್ನಡಿಗರು ನಮ್ಮ ನೆಲದ ಹೆಮ್ಮೆ ಹೇಳಿಕೊಳ್ಳುವಾಗ ಬೆಟ್ಟದ ದೇವರು, ಗುಲಾಬಿ ತೋಟ, ಕಾರ್ಖಾನೆ ಎನ್ನುತ್ತೇವೆ. ಕನ್ನಡದ ಅತಿ ದೊಡ್ಡ ಅನುಭಾವ ಗ್ರಂಥಕ್ಕೆ ಈ ಮಣ್ಣಿನವರೊಬ್ಬರ ಕೈ ಸೋಕಿದೆ ಎಂಬ ಮಾತು ಅಪರೂಪಕ್ಕೂ ಬರುವುದಿಲ್ಲ. ಇದು ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿರುವ ಸಂಗತಿ.

ಈಗ ಅದನ್ನು ಎತ್ತಲು ಕಾರಣ ಉದ್ದನಪಲ್ಲಿ. ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯ ಊರು. ಸುತ್ತ ಟೊಮೆಟೊ, ಕೋಸು, ರಾಗಿ, ಹೂವು. ಮನೆಯಲ್ಲಿ ತೆಲುಗೋ ಕನ್ನಡವೋ, ಶಾಲೆಯಲ್ಲಿ ತಮಿಳು, ಅಂಗಡಿಯಲ್ಲಿ ಮೂರೂ. ಪಕ್ಕದ ನಾಗಮಂಗಲ ಭಾಗದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಘಟಕ ಎದ್ದ ಮೇಲೆ ಇಲ್ಲಿನ ಹೊತ್ತು ಗೊತ್ತೇ ಬದಲಾಗಿದೆ. ಶಿಫ್ಟ್ ಬಸ್ಸುಗಳು ರಸ್ತೆಯನ್ನು ಆಳುತ್ತವೆ. ದೂರದ ಜಾರ್ಖಂಡಿನಿಂದ ಕೂಡ ಹೆಣ್ಣುಮಕ್ಕಳು ಬಂದು ಹಾಸ್ಟೆಲ್‌ಗಳಲ್ಲಿದ್ದುಕೊಂಡು ದುಡಿಯುತ್ತಾರೆ. ಇನ್ನೊಂದು ಕಡೆ, ಸರ್ಕಾರಿ ಕೈಗಾರಿಕಾ ವಸಾಹತು ಸಿಪ್ಕಾಟ್‌ನ ವಿಸ್ತರಣೆಗೆ ಬೇಸಾಯದ ಭೂಮಿ ಬಿಡುವುದಿಲ್ಲ ಎಂದು ಇದೇ ಭಾಗದ ರೈತರು 2023ರಲ್ಲಿ ಧರಣಿ ಕೂತರು. ಕಂಪನಿ, ಪಂಚಾಯಿತಿ, ಹಾಲಿನ ಸಂಘ, ರೈತ ಸಂಘ, ದೇವಸ್ಥಾನದ ಕಮಿಟಿ, ಯಾವುದೂ ಹಿಂದಿನಂತೆ ಉಳಿಯಲಾರದು ಎಂಬುದು ಎಲ್ಲರಿಗೂ ಗೊತ್ತು. ಹೇಗೆ ಬದಲಾಗಬೇಕು ಎಂಬುದಕ್ಕೆ ಮಾತ್ರ ಪವರ್‌ಪಾಯಿಂಟ್ ಸ್ಲೈಡುಗಳು ಬೆಂಗಳೂರಿನಿಂದ ಬರುತ್ತವೆ. ಅವುಗಳ ಕೊನೆಯಲ್ಲಿ ಈಚೆಗೆ ಒಂದು ಧ್ಯಾನದ ತರಗತಿಯೂ ಸೇರಿಕೊಂಡಿದೆ.

ಆ ತರಗತಿಯ ಬಗ್ಗೆ ನನ್ನ ತಕರಾರು ಒಂದೇ. ಅಲ್ಲಿ ಕೂರಿಸುವುದು ಲೈನಿನಲ್ಲಿ ನಿಂತು ದುಡಿಯುವವರನ್ನು. ಕಣ್ಣು ಮುಚ್ಚಿ, ಉಸಿರು ಗಮನಿಸಿ, ಒತ್ತಡ ಇಳಿಸಿಕೊಳ್ಳಿ ಎಂದು ಅವರಿಗೆ ಹೇಳುತ್ತಾರೆ. ಒತ್ತಡ ಹುಟ್ಟಿಸಿದ ಟಾರ್ಗೆಟ್ಟು ಹಾಗೇ ಇರುತ್ತದೆ. ಅಧ್ಯಾತ್ಮದಿಂದ ಸಂಸ್ಥೆಗಳು ಏನಾದರೂ ಕಲಿಯುವುದಿದ್ದರೆ ಮೊದಲು ಅಲುಗಾಡಬೇಕಾದವರು ಮೇಲೆ ಕೂತವರು. ಶೂನ್ಯಸಂಪಾದನೆ ಅಧ್ಯಾಯದಿಂದ ಅಧ್ಯಾಯಕ್ಕೆ ತೋರಿಸುವುದು ಇದನ್ನೇ.

ಸೊನ್ನಲಿಗೆಯ ಸಿದ್ಧರಾಮನನ್ನು ನೋಡಿ. ಇವತ್ತಿನ ಸೊಲ್ಲಾಪುರ ಅವನ ಊರು. ಕೆರೆ ತೋಡಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ, ನೂರಾರು ಜನ ಒಡ್ಡರು ಅವನ ಮಾತಿಗೆ ಕಲ್ಲು ಹೊರುತ್ತಿದ್ದಾರೆ. ಮಾಡುತ್ತಿರುವುದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿಗೆ ಅನುಭಾವಿ ಶರಣ ಅಲ್ಲಮ ಬರುತ್ತಾನೆ, ಒಡ್ಡರ ರಾಮ ಎಲ್ಲಿ ಎಂದು ಏಕವಚನದಲ್ಲಿ ಕೇಳುತ್ತಾನೆ. ಗುರುವನ್ನು ಹೀಗೆ ಕರೆದನೆಂದು ಕೆಲಸಗಾರರು ಕಲ್ಲು ಬೀರುತ್ತಾರೆ. ಸಿದ್ಧರಾಮನೇ ಸಿಟ್ಟಿನಿಂದ ಬರುತ್ತಾನೆ. ಅವನ ಹಣೆಗಣ್ಣಿನ ಬೆಂಕಿ ಅಲ್ಲಮನನ್ನು ಮುಟ್ಟದೆ ಅವನ ಊರನ್ನೇ ಸುಡಲು ಹೊರಡುತ್ತದೆ. ಅಲ್ಲಿ ಅವನಿಗೆ ಅರಿವಾಗುತ್ತದೆ. ಸಂಸ್ಥೆ ಕಟ್ಟಿದವನ ಸಿಟ್ಟು ಸುಡುವುದು ತನ್ನ ಸಂಸ್ಥೆಯನ್ನೇ ಎಂಬುದು ಪುರಾಣದ ಭಾಷೆಯಲ್ಲಿ ಹೇಳಿದ ಸತ್ಯ. ಹೊಸೂರಿನ ಯಾವುದೇ ಕೈಗಾರಿಕಾ ವಸಾಹತಿನಲ್ಲಿ ನಾಲ್ಕು ದಿನ ಓಡಾಡಿದವರಿಗೆ ಇದಕ್ಕೆ ಸಾಕ್ಷಿ ಬೇಕಾಗಿಲ್ಲ. ಅಲ್ಲಮ ಕೆರೆಯನ್ನು ತಪ್ಪು ಎನ್ನಲಿಲ್ಲ. ಕೆರೆ ಕಟ್ಟಿದವನು ನಾನು ಎಂದುಕೊಂಡವನ ಮುಂದೆ ಒಂದು ಪ್ರಶ್ನೆ ಇಟ್ಟ, ಅಷ್ಟೆ.

ಇಬ್ಬರೂ ಕಲ್ಯಾಣಕ್ಕೆ ಬರುತ್ತಾರೆ. ಮುಂದೆ ನಡೆಯುವುದು ನನಗೆ ಇಡೀ ಗ್ರಂಥದಲ್ಲೇ ಬಹಳ ಪ್ರಿಯವಾದ ಗಳಿಗೆ. ಬಸವಣ್ಣ ಬಿಜ್ಜಳನ ಭಂಡಾರದ ಹೊಣೆ ಹೊತ್ತವನು, ಶರಣರ ಮಹಾಮನೆಯ ಯಜಮಾನ. ಅವನು ಬಹುದಿನದಿಂದ ದಾರಿ ಕಾಯುತ್ತಿದ್ದ ಅಲ್ಲಮ ಬಾಗಿಲಿಗೆ ಬಂದಿದ್ದಾನೆ. ಬಸವಣ್ಣ ಲಿಂಗಪೂಜೆಯಲ್ಲಿ ಮುಳುಗಿದ್ದಾನೆ, ಏಳುವುದಿಲ್ಲ. ಹಡಪದ ಅಪ್ಪಣ್ಣ ಒಳಗೂ ಹೊರಗೂ ಓಡಾಡುತ್ತಾನೆ. ಬಂದವರು ಹೊಸ್ತಿಲು ದಾಟುವುದಿಲ್ಲ. ಕೊನೆಗೆ ಚೆನ್ನಬಸವಣ್ಣ, ಅಕ್ಕನ ಮಗ, ವಯಸ್ಸಿನಲ್ಲಿ ಚಿಕ್ಕವನು, ಸೋದರಮಾವನಿಗೆ ತಿಳಿಹೇಳಬೇಕಾಗುತ್ತದೆ: ಬಾಗಿಲಲ್ಲಿ ಜಂಗಮ ನಿಂತಿರುವಾಗ ಒಳಗೆ ಪೂಜೆ ಎಂಥದ್ದು? ಬಸವಣ್ಣ ಅದನ್ನು ಕೇಳಿಸಿಕೊಳ್ಳುತ್ತಾನೆ. ಎದ್ದು ಬರುತ್ತಾನೆ. ತನ್ನಿಂದಾದ ತಡಕ್ಕೆ ತಲೆಬಾಗುತ್ತಾನೆ.

ಇಲ್ಲಿ ತಪ್ಪಿದ್ದು ಸೋಮಾರಿತನದಿಂದಲ್ಲ, ದರ್ಪದಿಂದಲೂ ಅಲ್ಲ. ಒಳ್ಳೆಯ ಕೆಲಸದಲ್ಲಿ ಮುಳುಗಿದ್ದರಿಂದ ಆದ ತಪ್ಪು. ಸಂಸ್ಥೆಗಳ ದೊಡ್ಡ ಕುರುಡು ಬರುವುದು ಈ ದಾರಿಯಲ್ಲೇ. ನಿಯಮ ಪಾಲಿಸುತ್ತಿದ್ದೇವೆ, ವರದಿ ಸರಿಯಾಗಿದೆ, ಆಡಿಟ್ ಮುಗಿದಿದೆ. ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂದು ನೋಡಲು ಮಾತ್ರ ಪುರುಸೊತ್ತಿಲ್ಲ. ಅದನ್ನು ಹೇಳುವ ಧೈರ್ಯ ಕಿರಿಯನಿಗೆ ಇತ್ತು, ಕೇಳುವ ದೊಡ್ಡತನ ಹಿರಿಯನಿಗಿತ್ತು. ಈ ಎರಡು ಒಂದೇ ಮನೆಯಲ್ಲಿ ಸಿಕ್ಕಿದ್ದರಿಂದ ಮಹಾಮನೆ ಮಹಾಮನೆಯಾಯಿತು. ಆಮೇಲೆ ಶೂನ್ಯಸಿಂಹಾಸನದ ಮೇಲೆ ಕೂತವನು ಮನೆ ಕಟ್ಟಿದ ಬಸವಣ್ಣನಲ್ಲ, ಹೊರಗಿನಿಂದ ಬಂದ ಅಲ್ಲಮ. ಅವನಿಗೆ ಅಲ್ಲಿ ಉಳಿಯುವ ಆಸೆಯಿಲ್ಲ, ಯಾರ ಋಣವೂ ಇಲ್ಲ. ಪ್ರಶ್ನಿಸುವವನಿಗೇ ಪೀಠ ಕೊಟ್ಟ ಇಂಥ ಏರ್ಪಾಡು ನಮ್ಮ ಚರಿತ್ರೆಯಲ್ಲಿ ಬಹಳ ಅಪರೂಪ. ಆ ಪೀಠವಿದ್ದ, ಶರಣರು ಸೇರುತ್ತಿದ್ದರೆನ್ನುವ ಅನುಭವ ಮಂಟಪ ಎಂಬ ಕಟ್ಟಡ ನಿಜಕ್ಕೂ ಇತ್ತೇ, ಅಥವಾ ಮುಂದಿನ ಕಾಲದವರು ಕಂಡ ಚಿತ್ರವೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. 12ನೇ ಶತಮಾನದ ಘಟನೆಗಳನ್ನು 15ನೇ ಶತಮಾನದವರು ಹೀಗೆ ನೆನೆದರು ಎಂದು ಒಪ್ಪಿಕೊಂಡರೂ, ಒಂದು ಸಮುದಾಯ ತನ್ನ ಯಜಮಾನನ ತಪ್ಪನ್ನು ತನ್ನ ಮುಖ್ಯ ಗ್ರಂಥದಲ್ಲೇ ಬರೆದಿಟ್ಟುಕೊಂಡಿತಲ್ಲ, ಅದು ಸಣ್ಣ ಮಾತಲ್ಲ.

ಇನ್ನು ಮರುಳಶಂಕರದೇವನ ಕಥೆ. ದೂರದೇಶದಿಂದ, ಅಫ್ಘಾನಿಸ್ತಾನದ ಕಡೆಯಿಂದ ಬಂದವನು ಎಂದು ಪರಂಪರೆ ಹೇಳುತ್ತದೆ. ಮಹಾಮನೆಯಲ್ಲಿ ದಿನವೂ ದಾಸೋಹ. ಸಾವಿರಾರು ಜನ ಉಂಡು ಕೈತೊಳೆದು ಹೋಗುತ್ತಾರೆ. ಆ ನೀರು, ಆ ಉಳಿದದ್ದು ಹರಿದು ಸೇರುವ ಜಾಗ ಪ್ರಸಾದಕುಂಡ. ಅದರ ಬಳಿ ಒಬ್ಬ ಕೂತಿರುತ್ತಾನೆ, ಗುಡಿಸುತ್ತಾನೆ, ತೊಳೆಯುತ್ತಾನೆ. ಬಾಯಿ ಬಿಡುವುದಿಲ್ಲ. ಜನ ಅವನನ್ನು ಮರುಳ ಎಂದುಕೊಂಡು ದಾಟಿ ಹೋಗುತ್ತಾರೆ. ಹೀಗೆ ಹನ್ನೆರಡು ವರ್ಷ. ಬಸವಣ್ಣನೂ ದಿನಕ್ಕೆ ಎಷ್ಟೋ ಸಲ ಆ ದಾರಿಯಲ್ಲೇ ನಡೆದಿರಬೇಕು. ಅಲ್ಲಮ ಮನೆ ನೋಡಲು ಬಂದವನು ನೇರ ಅಲ್ಲಿಗೆ ಹೋಗಿ ನಿಲ್ಲುತ್ತಾನೆ. ಇಲ್ಲಿರುವವರಲ್ಲಿ ಎತ್ತರಕ್ಕೇರಿದವನು ಇವನು, ನಿಮಗೆ ಗೊತ್ತಾಗಲಿಲ್ಲವೇ ಎಂಬಂತೆ ಬಸವಣ್ಣನತ್ತ ತಿರುಗುತ್ತಾನೆ. ಬಸವಣ್ಣ ಕುಸಿದು ಹೋಗುತ್ತಾನೆ. ನನ್ನ ಮನೆಯಲ್ಲೇ ಇದ್ದವನನ್ನು ನಾನು ಕಾಣಲಿಲ್ಲವಲ್ಲ ಎಂಬ ದುಃಖ ಅವನನ್ನು ಹಣ್ಣು ಮಾಡುತ್ತದೆ. ಮರುಳಶಂಕರನೋ, ಕಂಡವರು ಸಿಕ್ಕ ತೃಪ್ತಿಯಲ್ಲಿ ಬಯಲಾಗುತ್ತಾನೆ.

ಜಾತಿ ಕೇಳದ, ಹೆಣ್ಣು ಗಂಡು ಎನ್ನದ, ದುಡಿಮೆಗೆ ಗೌರವ ಕೊಟ್ಟ ಮನೆಯಲ್ಲೇ ಒಬ್ಬ ಮನುಷ್ಯ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ. ಸಮಾನತೆಯನ್ನು ನಿಯಮ ಮಾಡಿದ ಮಾತ್ರಕ್ಕೆ ಅದು ಕಣ್ಣಿಗೆ ಬರುವುದಿಲ್ಲ. ಹೊಸೂರು ಕಡೆಯ ಒಂದು ಬಿಡಿಭಾಗಗಳ ಘಟಕದಲ್ಲಿ ಸಲಹಾ ಪೆಟ್ಟಿಗೆ ನೋಡಿದ್ದೇನೆ, ಗೋಡೆಗೆ ಹೊಡೆದದ್ದು, ಬೀಗ ಹಾಕಿದ್ದು. ಪಕ್ಕದಲ್ಲೇ ಕಾಯಕದ ಹಿರಿಮೆ ಸಾರುವ ಬೋರ್ಡು. ಕೂಲಂಟ್ ಎಣ್ಣೆ ಸೋರಿದ್ದನ್ನು ದಿನಕ್ಕೆ ಮೂರು ಸಲ ಒರೆಸುತ್ತಿದ್ದ ಹೆಂಗಸಿಗೆ ಯಾವ ಯಂತ್ರ ಯಾವಾಗ ಕೆಡುತ್ತದೆ ಎಂಬುದು ಮೇಂಟೆನೆನ್ಸ್ ವಿಭಾಗಕ್ಕಿಂತ ಮೊದಲು ತಿಳಿಯುತ್ತಿತ್ತು. ನೆಲ ಒರೆಸುವವರಿಗೆ ಅದು ತಿಳಿಯದೆ ಇನ್ನಾರಿಗೆ ತಿಳಿಯಬೇಕು! ಆದರೆ ಅವಳು ಗುತ್ತಿಗೆಯವಳು, ಆ ಪೆಟ್ಟಿಗೆ ಅವಳಿಗಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ. "ಅವ್ರು ಕೇಳ್ಲಿಲ್ಲ ಸ್ವಾಮಿ, ನಾವು ಹೇಳ್ಲಿಲ್ಲ" ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ.

ಕೆಳಗಿನವರನ್ನು ಕೇಳಬೇಕೆಂಬ ಅರಿವನ್ನು ಜಪಾನಿನವರು ಬೇರೆ ದಾರಿಯಿಂದ ಮುಟ್ಟಿದರು. 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಅಲ್ಲಿಗೆ ಹೋಗಿ ಪಾಠ ಹೇಳಿದರು. ಅವರ ಹೆಸರಿನ ಪ್ರಶಸ್ತಿ 1951ರಲ್ಲಿ ಶುರುವಾಯಿತು. ಅವರ ಮುಖ್ಯ ಸೂತ್ರಗಳಲ್ಲಿ ಒಂದು, ಕೆಲಸದ ಜಾಗದಿಂದ ಭಯವನ್ನು ಓಡಿಸಬೇಕು ಎಂಬುದು. ದೋಷಗಳಲ್ಲಿ ಹೆಚ್ಚಿನವು ಕೆಲಸಗಾರನವಲ್ಲ, ಮೇಲಿನವರು ಕಟ್ಟಿದ ವ್ಯವಸ್ಥೆಯವು ಎಂದು ಅವರು ಸಾಯುವ ತನಕ ಹೇಳಿದರು. ಹೊಸೂರಿನ ಟಿವಿಎಸ್ ಮೋಟಾರ್ ಸುಜುಕಿಯಿಂದ 2001ರಲ್ಲಿ ಬೇರೆಯಾಗಿ, 2002ರಲ್ಲಿ ಆ ಪ್ರಶಸ್ತಿ ಪಡೆಯಿತು. ಯಂತ್ರದ ಮುಂದೆ ನಿಂತವರು ಸಣ್ಣ ಗುಂಪುಗಳಲ್ಲಿ ಕೂತು ತಮ್ಮ ಕೆಲಸದ ತೊಡಕನ್ನು ತಾವೇ ಬಿಡಿಸುವ ಪದ್ಧತಿ ಅದರ ಜೀವಾಳ. ಇದನ್ನು ಅನುಭವ ಮಂಟಪ ಎಂದು ಕರೆದು ಹಿಗ್ಗುವುದು ನನಗೆ ಇಷ್ಟವಿಲ್ಲ. ಗುಣಮಟ್ಟದ ಗುಂಪು ಸ್ಕೂಟರಿನ ಬಗ್ಗೆ ಮಾತಾಡುತ್ತದೆ, ಶರಣರು ಹುಟ್ಟು ಸಾವಿನ ಬಗ್ಗೆ ಮಾತಾಡಿದರು. ಎರಡಕ್ಕೂ ಬೇಕಾದ ಮನಃಸ್ಥಿತಿ ಮಾತ್ರ ಒಂದೇ: ಬಲ್ಲವನು ಕೆಳಗೆ ಇರಬಹುದು ಎಂಬ ನಂಬಿಕೆ.

ಹಾಗಂತ ಶರಣರು ಕೆಳಗಿನವರಿಗೆ ಎಲ್ಲಾ ಮಾಫಿ ಕೊಟ್ಟರು ಎಂದುಕೊಳ್ಳಬಾರದು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ವಾಪಸು ಸುರಿದು ಬಾ ಎಂದು ಕಳಿಸಿದವಳು ಹೆಂಡತಿ ಲಕ್ಕಮ್ಮ. ಹುಲ್ಲು ಕೊಯ್ದು ಹಗ್ಗ ಹೊಸೆದು ಬದುಕುತ್ತಿದ್ದ ನುಲಿಯ ಚಂದಯ್ಯ, ಕೆಲಸದ ನಡುವೆ ಕೊರಳ ಲಿಂಗ ಜಾರಿ ಬಿದ್ದರೆ ತಿರುಗಿ ನೋಡದೆ ಮುಂದೆ ನಡೆದ. ದುಡಿಮೆಯಿಂದ ಯಾರಿಗೂ ವಿನಾಯಿತಿಯಿಲ್ಲ, ದೇವರಿಗೂ ಇಲ್ಲ ಎಂಬ ಹಟ ಅವನದು.

ನಾನು ಹೇಳಬೇಕೆಂದಿರುವ ಕಷ್ಟದ ಮಾತು ಮುಂದಿದೆ. ಇಷ್ಟು ತೆರೆದ ಮನೆ ಕೆಲವೇ ವರ್ಷಗಳಲ್ಲಿ ಚೆದುರಿತು. ಜಾತಿಯ ಗೆರೆ ದಾಟಿದ ಹರಳಯ್ಯ, ಮಧುವರಸರ ಮಕ್ಕಳ ಮದುವೆ, ಇಬ್ಬರು ತಂದೆಯರಿಗೂ ಮರಣದಂಡನೆ, 1167ರ ಹೊತ್ತಿಗೆ ಕಲ್ಯಾಣದಲ್ಲಿ ರಕ್ತಪಾತ. ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕಾಪಾಲಾದರು. ಅನುಭಾವ ಮಿಂಚಿನಂತೆ ಬರುತ್ತದೆ, ನಿಲ್ಲುವುದಿಲ್ಲ. ವಿಲಿಯಂ ಜೇಮ್ಸ್ 1902ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಅನುಭಾವದ ಲಕ್ಷಣಗಳನ್ನು ಹೇಳುವಾಗ ಅದು ಬಹಳ ಹೊತ್ತು ಉಳಿಯದು ಎಂಬುದನ್ನೂ ಸೇರಿಸಿದ್ದಾರೆ. ಉಳಿಸಿಕೊಳ್ಳಲು ಮಠ ಬೇಕು, ಗ್ರಂಥ ಬೇಕು, ವಿಧಿ ಬೇಕು. ಆ ಕೆಲಸ ನಡೆದದ್ದು ವಿಜಯನಗರದ ಕಾಲದಲ್ಲಿ. ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗಯತಿಗಳು ಇದರಲ್ಲಿ ದೊಡ್ಡ ಹೆಸರು. ತೋಟದಲ್ಲಿ ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ಕೂತಿದ್ದರು ಎಂದು ಜನ ನೆನೆಯುತ್ತಾರೆ. ಅವರೇ 701 ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತ ಬರೆದರು, ವಿರಕ್ತರ ದೊಡ್ಡ ತಂಡ ಕಟ್ಟಿಕೊಂಡು ಊರೂರು ತಿರುಗಿ ಚೆದುರಿದ್ದನ್ನು ಕೂಡಿಸಿದರು. ಗುಮ್ಮಳಾಪುರದ ಯತಿಗಳೂ ಆ ಪರಂಪರೆಗೆ ಸೇರಿದವರು. ಮೌನದಲ್ಲಿ ಕೂತವರೇ ಸಂಘಟನೆಗೂ ಇಳಿದರು ಎಂಬುದನ್ನು ಮರೆತು, ಅನುಭಾವವೆಂದರೆ ಲೋಕಕ್ಕೆ ಬೆನ್ನು ಹಾಕುವುದು ಎನ್ನುವವರು ಎಡೆಯೂರಿಗೆ ಒಮ್ಮೆ ಹೋಗಿ ಬರಲಿ.

ಆದರೆ ಕೂಡಿಸುವ ಕೆಲಸದಲ್ಲೇ ಒಂದು ಬೆಲೆ ಕೊಡಬೇಕಾಯಿತು. ಮಹದೇವಯ್ಯನವರ ಮೊದಲ ಶೂನ್ಯಸಂಪಾದನೆಯಲ್ಲಿ ಸಿದ್ಧರಾಮ ಲಿಂಗದೀಕ್ಷೆ ಇಲ್ಲದೆಯೇ ಶರಣರ ನಡುವೆ ಸೇರುತ್ತಾನೆ. ಅಲ್ಲಮನ ಪ್ರಶ್ನೆಯಿಂದ ಅವನೊಳಗೆ ಆದದ್ದೇ ಸಾಕು, ಬೇರೆ ಪ್ರವೇಶಪತ್ರ ಬೇಡ ಎಂಬುದು ಅಲ್ಲಿನ ನಿಲುವು. ಹಲಗೆಯದೇವರಿಗೆ ಇದು ಸರಿಬರಲಿಲ್ಲ. ದೀಕ್ಷೆ ಇಲ್ಲದವನು ನಮ್ಮವನಾದುದು ಹೇಗೆ? ತಮ್ಮ ಗ್ರಂಥದಲ್ಲಿ ಚೆನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆ ಕೊಡಿಸಿದರು. ಬಾಯಿ ಮಾತಿನ ತಕರಾರಾಗಿ ಮುಗಿಯದೆ ಇಡೀ ಗ್ರಂಥವನ್ನೇ ಮತ್ತೆ ಕಟ್ಟುವಷ್ಟು ಅದು ಅವರಿಗೆ ದೊಡ್ಡದಾಗಿತ್ತು. ಮುಂದಿನ ಇಬ್ಬರು ಸಂಪಾದಕರೂ ದೀಕ್ಷೆಯ ದಾರಿಯಲ್ಲೇ ನಡೆದರು, ನಮ್ಮ ಗುಮ್ಮಳಾಪುರದವರೂ ಸೇರಿ.

ಹಲಗೆಯದೇವರನ್ನು ಸಣ್ಣವರನ್ನಾಗಿ ನೋಡಲು ನನಗೆ ಮನಸ್ಸಿಲ್ಲ. ಚೆದುರಿದ ಸಮುದಾಯವನ್ನು ಹಿಡಿದಿಡಲು ಹೊರಟವರಿಗೆ ಒಳಗೆ ಯಾರು, ಹೊರಗೆ ಯಾರು ಎಂಬ ಗೆರೆ ಬೇಕೇ ಬೇಕು. ಸಹಕಾರ ಸಂಘಕ್ಕೂ ಸದಸ್ಯರ ಪುಸ್ತಕ ಇರುತ್ತದೆ. ಆದರೂ ಅಲ್ಲಿ ಒಂದು ಕಳೆದುಹೋಯಿತು. ಅರಿವು ಬಂದದ್ದೇ ಪ್ರವೇಶ ಎಂದು ನಂಬಿದ್ದ ಜಾಗದಲ್ಲಿ ಪ್ರವೇಶವಾದ ಮೇಲೆಯೇ ಅರಿವು ಎಂಬಂತಾಯಿತು. ಯುರೋಪಿನಲ್ಲೂ ಇದೇ ಕಥೆ. ಅಸ್ಸಿಸಿಯ ಫ್ರಾನ್ಸಿಸ್ ಬರಿಗಾಲಿನ ಕೆಲವೇ ಸಂಗಾತಿಗಳ ಜೊತೆ ಹೊರಟದ್ದು. ಸಂಘ ಸಾವಿರಾರು ಜನರದ್ದಾಗಿ ಬೆಳೆದಾಗ 1220ರಲ್ಲಿ ಅದರ ಮುಖ್ಯಸ್ಥ ಸ್ಥಾನವನ್ನೇ ಬಿಟ್ಟರು, 1223ರಲ್ಲಿ ಪೋಪ್ ಒಪ್ಪಿದ ನಿಯಮಾವಳಿ ಬಂತು. ಸಂಘ ಉಳಿಯಿತು, ಬಡತನದ ಅರ್ಥ ಏನು ಎಂಬ ಜಗಳವೂ ತಲೆಮಾರುಗಟ್ಟಲೆ ಉಳಿಯಿತು. ಜರ್ಮನಿಯ ಮ್ಯಾಕ್ಸ್ ವೇಬರ್ ಒಬ್ಬ ವ್ಯಕ್ತಿಯ ತೇಜಸ್ಸು ಹೇಗೆ ನಿಧಾನವಾಗಿ ಕಚೇರಿಯ ದಿನಚರಿಯಾಗುತ್ತದೆ ಎಂದು ವಿವರಿಸಿದ್ದು ಇಂಥವನ್ನು ನೋಡಿಯೇ.

ನಾಲ್ಕು ಶೂನ್ಯಸಂಪಾದನೆಗಳೂ ನಮಗೆ ಉಳಿದು ಬಂದಿರುವುದರಲ್ಲೇ ಒಂದು ಸಮಾಧಾನವಿದೆ. ತಿದ್ದಿದವರು ಹಳೆಯದನ್ನು ಸುಡಲಿಲ್ಲ. ದೀಕ್ಷೆ ಇಲ್ಲದ ಸಿದ್ಧರಾಮನೂ ಇದ್ದಾನೆ, ದೀಕ್ಷೆ ಪಡೆದ ಸಿದ್ಧರಾಮನೂ ಇದ್ದಾನೆ. ಓದುವವರು ಪಕ್ಕಪಕ್ಕ ಇಟ್ಟುಕೊಂಡು, ಎಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು ಎಂದು ಕೇಳಬಹುದು. ತನ್ನ ನಿಯಮದ ಹಳೆಯ ರೂಪವನ್ನು ಕಾಪಿಟ್ಟ ಸಂಸ್ಥೆಗೆ ವಾಪಸು ಬರುವ ದಾರಿ ಇರುತ್ತದೆ. ನಮ್ಮ ಮಠಗಳು, ಸಂಘಗಳು ಈ ವಿಷಯದಲ್ಲಿ ಹಿಂದಿನವರಷ್ಟು ಧೈರ್ಯವಂತವಾಗಿಲ್ಲ. ನಡಾವಳಿ ಪುಸ್ತಕದಲ್ಲಿ ಭಿನ್ನಾಭಿಪ್ರಾಯ ದಾಖಲಿಸುವುದೇ ಅಪಚಾರ ಎಂಬ ಭಾವನೆ ಬೆಳೆದಿದೆ. ಸರ್ವಾನುಮತ ಎಂದು ಬರೆದು ಮುಗಿಸುತ್ತಾರೆ.

ತಮಿಳರು ಈ ಪರಂಪರೆಗೆ ಹೊರಗಿನವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಚಾಮರಸನ ಪ್ರಭುಲಿಂಗಲೀಲೆಯನ್ನು 17ನೇ ಶತಮಾನದಲ್ಲಿ ತುರೈಮಂಗಲಂ ಶಿವಪ್ರಕಾಶರು ತಮಿಳಿಗೆ ತಂದರು. ಅಲ್ಲಮನ ಕಥೆ ತಮಿಳು ಓದುಗರಿಗೂ ಸೇರಿದ್ದು. ಗಡಿಯ ಈಚೆ ಕನ್ನಡ, ಆಚೆ ತಮಿಳು ಎಂದು ಗೆರೆ ಎಳೆಯುವವರಿಗಿಂತ ಮುಂಚೆಯೇ ಅಲ್ಲಮ ದಾಟಿ ಹೋಗಿದ್ದಾನೆ. ಉದ್ದನಪಲ್ಲಿಯ ಸಂತೆಯಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡುವವರಿಗೆ ಇದು ಹೊಸದಾಗಿ ಕಾಣಲಾರದು.

ಹಾಗಾದರೆ ಇಲ್ಲಿ, ಈಗ ಏನು ಮಾಡಬಹುದು? ಕಂಪನಿಯ ಒಳಗೆ ನನಗೆ ಪ್ರವೇಶವಿಲ್ಲ, ಅದರ ಮಾತು ಆಡುವ ಹಕ್ಕೂ ಇಲ್ಲ. ಊರಿಗೆ ಒಂದು ಜಾಗವಿದೆ: ಗ್ರಾಮಸಭೆ. ತಮಿಳುನಾಡಿನಲ್ಲಿ ಮೊದಲು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಎಂದು ವರ್ಷಕ್ಕೆ ನಾಲ್ಕು ಸಲ ನಡೆಯುತ್ತಿತ್ತು. ಈಚೆಗೆ ಮಾರ್ಚ್ 22, ನವೆಂಬರ್ 1 ಸೇರಿ ಆರಾಗಿದೆ. ಇಂಥ ಸಭೆಗಳು ಸಾಮಾನ್ಯವಾಗಿ ನಡೆಯುವ ರೀತಿ ಗೊತ್ತೇ ಇದೆ. ಶಾಮಿಯಾನ, ಮುಂದೆ ನಾಲ್ಕು ಕುರ್ಚಿ, ಕಾರ್ಯದರ್ಶಿ ಓದುವ ಠರಾವು, ಗ್ರಾಮೀಣ ಉದ್ಯೋಗ ಖಾತರಿಯ ಕೆಲಸದ ಹೆಂಗಸರು ನೆಲದ ಮೇಲೆ, ಸಹಿಗೆ ಸುತ್ತು ಬರುವ ಪುಸ್ತಕ. ಅದನ್ನೇ ಸ್ವಲ್ಪ ತಿರುಗಿಸಿ ನೋಡೋಣ. ಜಮೀನು ಹೋಗುತ್ತದೆಂಬ ಭಯವಿರುವ ರೈತ ಮೊದಲು ಮಾತಾಡಲಿ. ಆಮೇಲೆ, ಮತದ ಹಕ್ಕು ಬೇರೆ ರಾಜ್ಯದಲ್ಲಿದ್ದರೂ ದಿನವೂ ಇದೇ ಊರಿನ ನೀರು ಕುಡಿಯುವ ಹಾಸ್ಟೆಲಿನ ಹುಡುಗಿಯರಿಗೆ ಒಂದು ಗಳಿಗೆ ಕೊಡಲಿ. ಹಿಂದಿ ಬಲ್ಲ ಶಾಲೆಯ ಮೇಷ್ಟ್ರು ಅವರ ಮಾತನ್ನು ಎಲ್ಲರಿಗೂ ತಿಳಿಸಲಿ. ಕಂಪನಿಯ ಪರವಾಗಿ ಬರುವವರು ಭಾಷಣಕ್ಕೆ ಬರದೆ ಕೇಳಲು ಬರಲಿ, ನೆಲದ ಮೇಲೆ ಕೂರಲಿ. ಪಂಚಾಯಿತಿ ಅಧ್ಯಕ್ಷರ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ, ಆ ದಿನದ ಮಟ್ಟಿಗೆ ಯಾರ ಕಡೆಯವರೂ ಅಲ್ಲದ, ಯಾರ ಹಂಗೂ ಇಲ್ಲದ ಒಬ್ಬರನ್ನು ಅಲ್ಲಿ ಕೂರಿಸಲಿ. ಅವರ ಕೆಲಸ ಒಂದೇ: ಸಭೆಯಲ್ಲಿ ಯಾರು ಇನ್ನೂ ಬಾಯಿ ಬಿಟ್ಟಿಲ್ಲ ಎಂದು ನೋಡಿ, ಅವರತ್ತ ಮೈಕು ಕಳಿಸುವುದು.

ಇದಕ್ಕೆ ಹೊಸ ಕಾನೂನು ಬೇಡ, ಖರ್ಚೂ ಇಲ್ಲ. ಮುಂದಿನ ಗ್ರಾಮಸಭೆಯ ನೋಟಿಸು ಬಂದಾಗ ಅದರ ಕಾರ್ಯಸೂಚಿಯಲ್ಲಿ ಈ ಒಂದು ವಿಷಯ ಸೇರಿಸಿ ಎಂದು ಊರಿನ ನಾಲ್ಕು ಜನ ಬರೆದು ಕೊಟ್ಟರೆ ಆಯಿತು. ಆ ಅರ್ಜಿ ತಮಿಳಿನಲ್ಲಿರಲಿ, ಕೆಳಗೆ ಕನ್ನಡದಲ್ಲೂ ತೆಲುಗಿನಲ್ಲೂ ಸಹಿ ಬೀಳಲಿ.